ಮಿಷನ್ ಟ್ರಿಪ್‌ಗೆ ಹೊರಟಿದ್ದೀರಾ? ನಿಮ್ಮ ನಂಬಿಕೆಗೂ ಒಂದು ತಯಾರಿ ಬೇಕು

ಚರ್ಚಿನ ಸಭೆಯಿಂದ ಯಾರಾದರೂ ಹೊರದೇಶಕ್ಕೆ ಸೇವೆಗೆ ಹೊರಟರೆ ಸಾಕು, ಪಾಸ್‌ಪೋರ್ಟ್ ಆಯ್ತಾ, ಟಿಕೆಟ್ ಆಯ್ತಾ, ಸ್ವೆಟರ್ ಇಟ್ಕೊಂಡ್ಯಾ ಎಂದು ಕೇಳುವವರು ಬೇಕಾದಷ್ಟು ಜನ. 'ಪ್ರಾರ್ಥನೆ ಹೇಗೆ ನಡೀತಿದೆ?' ಎಂದು ಕೇಳುವವರು ಕಡಿಮೆ. ಸೇವೆಗೆ ಹೋಗುವವರ ನಂಬಿಕೆ ಗಟ್ಟಿಯಾಗಿಯೇ ಇರುತ್ತದೆ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ.

ಹಾಸನ, ಸಕಲೇಶಪುರ, ಚಿಕ್ಕಮಗಳೂರು ಕಡೆಯ ಯುವಜನರ ತಂಡಗಳ ಜೊತೆ ಓಡಾಡಿದ ನನಗೆ ಕಂಡದ್ದು ಬೇರೆ. ಹೊರಡುವವರಲ್ಲಿ ಸಂಡೇ ಸ್ಕೂಲ್ ಟೀಚರ್ ಇರುತ್ತಾರೆ, ಗಾಯನ ತಂಡದವರು ಇರುತ್ತಾರೆ, ಅಯ್ಯನವರ (ಸಭಾಪಾಲಕರ) ಮಕ್ಕಳೂ ಇರುತ್ತಾರೆ. ಬೈಬಲ್ ಓದುತ್ತಾರೆ, ಏನೂ ತಟ್ಟುವುದಿಲ್ಲ. ಹಾಡುತ್ತಾರೆ, ಮನಸ್ಸು ಬೇರೆಲ್ಲೋ ಇರುತ್ತದೆ. ಅಲ್ಲಿಗೆ ಹೋದರೆ ಎಲ್ಲ ಸರಿಹೋಗಬಹುದು ಎಂಬ ಆಸೆ ಒಳಗೊಳಗೇ ಇರುತ್ತದೆ. ಅದನ್ನು ಬಾಯಿಬಿಟ್ಟು ಹೇಳೋದಕ್ಕೆ ನಾಚಿಕೆ. ಬೇರೆಯವರಿಗೆ ಸುವಾರ್ತೆ ಹೇಳಲು ಹೊರಟವರು ತಮಗೇ ಏನೂ ಅನ್ನಿಸುತ್ತಿಲ್ಲ ಎಂದು ಹೇಗೆ ಹೇಳುತ್ತಾರೆ, ಅಲ್ವಾ?

ಈ ಬರಹ ಅಂಥವರಿಗೆ. ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅದಕ್ಕೆ ಬೇಕಾದ ತಯಾರಿ ವಿಮಾನ ಹತ್ತುವ ತುಂಬಾ ಮೊದಲೇ ಶುರುವಾಗಬೇಕು. ನಾನು ಸಿಎಸ್ಐ (ದಕ್ಷಿಣ ಭಾರತ ಸಭೆ ಎಂಬ ಪ್ರೊಟೆಸ್ಟೆಂಟ್ ಪಂಗಡ) ಸಭೆಯವನು, ಹಾಗಾಗಿ ಮಾತೂ ಅಲ್ಲಿಯದೇ. ಕಥೋಲಿಕ ಓದುಗರು 'ಆರಾಧನೆ' ಎಂದ ಕಡೆ ಬಲಿಪೂಜೆ ಎಂದೂ 'ಅಯ್ಯನವರು' ಎಂದ ಕಡೆ ಫಾದರ್ ಎಂದೂ ಓದಿಕೊಂಡರೆ ಸಾಕು. ಉಳಿದದ್ದೆಲ್ಲ ಒಂದೇ.

1. ಮನಸ್ಸು ಯಾಕೆ ಒಣಗಿದೆ ಎಂದು ಮೊದಲು ನೋಡಿ

ಹೊರಡುವುದಕ್ಕೆ ಎರಡು ಮೂರು ತಿಂಗಳು ಇರುವಾಗಲೇ ಈ ಕೆಲಸ ಮಾಡಿ. ಒಂದು ಸಂಜೆ ಸುಮ್ನೆ ಕೂತು, 'ಪ್ರಾರ್ಥನೆ ಯಾವಾಗಿನಿಂದ ಭಾರ ಅನ್ನಿಸುತ್ತಿದೆ? ಆಗ ಏನು ನಡೆಯುತ್ತಿತ್ತು?' ಎಂದು ಬರೆದುಕೊಳ್ಳಿ. ಕಾರಣ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದಾಗಿರುತ್ತದೆ.

ಮೊದಲನೆಯದು ದಣಿವು. ನಮ್ಮ ಕಡೆ ಇದು ಜಾಸ್ತಿ. ಕಾಫಿ ತೋಟದವರಿಗೆ ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ರೋಬಸ್ಟಾ ಮುಗಿಯುವಷ್ಟರಲ್ಲಿ ಮಾರ್ಚ್ ಬಂದಿರುತ್ತದೆ. ಟೀಚರುಗಳಿಗೆ ಅದೇ ಹೊತ್ತಿಗೆ ಪರೀಕ್ಷೆ, ನರ್ಸುಗಳಿಗೆ ವರ್ಷವಿಡೀ ನೈಟ್ ಡ್ಯೂಟಿ. ಇಷ್ಟೆಲ್ಲ ಮುಗಿಸಿ ಏಪ್ರಿಲ್ ಮೊದಲ ವಾರವೇ ವಿಮಾನ ಹತ್ತುತ್ತಾರೆ. ಅಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕಾರ್ಯಕ್ರಮ. ದಣಿದವರು ಇನ್ನಷ್ಟು ದಣಿದು ವಾಪಸ್ ಬರುತ್ತಾರೆ. 1 ಅರಸುಗಳು 19ನೇ ಅಧ್ಯಾಯ ಓದಿ. ಸತ್ತರೆ ಸಾಕು ಎಂದು ಗಿಡದ ಕೆಳಗೆ ಮಲಗಿದ್ದ ಪ್ರವಾದಿ ಎಲೀಯನನ್ನು ದೇವದೂತ ಎಬ್ಬಿಸಿ ಊಟ ಮಾಡು ಅನ್ನುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. ದೂತ ಮತ್ತೆ ಎಬ್ಬಿಸಿ ಮತ್ತೆ ಊಟ ಕೊಡುತ್ತಾನೆ. ಹೋರೇಬ್ ಬೆಟ್ಟ, ಅಲ್ಲಿ ಕೇಳಿಸಿದ ದೇವರ ಮೆಲ್ಲನೆಯ ದನಿ ಎಲ್ಲ ಆಮೇಲೆ. ನಿಮ್ಮದು ದಣಿವಾದರೆ ಹೊರಡುವ ಮುಂಚೆ ಹತ್ತು ದಿನವಾದರೂ ಸರಿಯಾಗಿ ನಿದ್ದೆ ಮಾಡಿ. ಆ ಹತ್ತು ದಿನವೂ ಸಿಗದಿದ್ದರೆ ಈ ಸಲದ ಪ್ರಯಾಣ ಬಿಡಿ. ಇದನ್ನು ಹೇಳಿದರೆ ತಂಡದ ಮುಖಂಡರಿಗೆ ಕೋಪ ಬರುತ್ತದೆ, ಬರಲಿ.

ಎರಡನೆಯದು ಜಗಳ. ಅಣ್ಣತಮ್ಮಂದಿರ ಆಸ್ತಿ ಭಾಗ, ಸಭೆಯ ಕಮಿಟಿ ಚುನಾವಣೆಯಲ್ಲಿ ಆದ ಮನಸ್ತಾಪ, ಅತ್ತೆ ಮನೆಯವರ ಜೊತೆ ಮಾತು ಬಿಟ್ಟಿರುವುದು. ಮತ್ತಾಯ 5:23-24 ಇಂಥವರಿಗೇ ಬರೆದಂತಿದೆ. ಕಾಣಿಕೆ ಅಲ್ಲೇ ಬಿಡು, ಮೊದಲು ಹೋಗಿ ಸಮಾಧಾನ ಮಾಡಿಕೋ. ಬೇಲೂರಿನಲ್ಲಿರುವ ತಮ್ಮನ ಮನೆಗೆ ಹೋಗಲು ಬಸ್ಸಿಗೆ ಆಗುವ ಖರ್ಚು ಎಷ್ಟು ಮಹಾ? ಅದನ್ನು ಬಿಟ್ಟು ನೈರೋಬಿಗೆ ಹೋಗಿ ಸಮಾಧಾನದ ಬಗ್ಗೆ ಪ್ರಸಂಗ ಮಾಡಿದರೆ ಪ್ರಸಂಗ ಚೆನ್ನಾಗೇ ಇರಬಹುದು. ಮಾಡಿದವರ ಒಳಗೆ ಮಾತ್ರ ಏನೂ ಬದಲಾಗುವುದಿಲ್ಲ. ಎಲ್ಲ ಜಗಳವೂ ಎರಡು ತಿಂಗಳಲ್ಲಿ ಮುಗಿಯುವುದಿಲ್ಲ, ನಿಜ. ಕೋರ್ಟಿನಲ್ಲಿ ಇರುವುದು ಅಲ್ಲೇ ಇರಲಿ. ಎದುರಿಗೆ ಹೋಗಿ ಒಂದು ಸಲ ಮಾತಾಡಿಸಿ ಬನ್ನಿ, ಸದ್ಯಕ್ಕೆ ಅಷ್ಟು ಸಾಕು.

ಮೂರನೆಯದು ಸಂದೇಹ. 'ದೇವರು ಕೇಳಿಸಿಕೊಳ್ಳುತ್ತಾನಾ? ಅಮ್ಮನ ಕಾಯಿಲೆಗೆ ಅಷ್ಟು ಪ್ರಾರ್ಥಿಸಿದೆವು, ಏನಾಯಿತು?' ಇಂಥ ಪ್ರಶ್ನೆ ಇಟ್ಟುಕೊಂಡು ಖಂಡಿತ ಹೋಗಬಹುದು. ಆದರೆ ಅಲ್ಲಿ ಪ್ರಸಂಗ ಮಾಡುವ, ಸಾಕ್ಷಿ ಹೇಳುವ (ದೇವರು ತಮಗೆ ಮಾಡಿದ್ದನ್ನು ಎಲ್ಲರ ಮುಂದೆ ಹೇಳುವ) ಕೆಲಸ ಒಪ್ಪಿಕೊಳ್ಳಬೇಡಿ. ಅಡುಗೆ, ಲೆಕ್ಕ, ಮಕ್ಕಳ ಆಟ, ಔಷಧಿ ಹಂಚುವುದು, ಹೀಗೆ ಕೈಗೆ ಕೆಲಸ ಕೊಡುವ ಸೇವೆ ಕೇಳಿ ಪಡೆಯಿರಿ. ನಂಬದ ಮಾತನ್ನು ಮೈಕಿನಲ್ಲಿ ಹೇಳುತ್ತಾ ಹೋದರೆ ನಂಬಿಕೆ ಇನ್ನಷ್ಟು ದೂರವಾಗುತ್ತದೆ.

ನಾಲ್ಕನೆಯದು ರೂಢಿ. ಅದೇ ಬೆಂಚು, ಅದೇ ರಾಗ, ಅದೇ ಪ್ರಾರ್ಥನೆ. ನಾಲಿಗೆ ತಾನಾಗಿ ಹೇಳುತ್ತಾ ಹೋಗುತ್ತದೆ. ಪ್ರಯಾಣ ನಿಜವಾಗಿ ಸಹಾಯ ಮಾಡುವುದು ಇಂಥವರಿಗೆ. ಅಲ್ಲಿ ರಾಗ ಬೇರೆ, ಭಾಷೆ ಬೇರೆ, ಪಕ್ಕದಲ್ಲಿ ಕೂತವರು ಬೇರೆ. ಪ್ರಾರ್ಥಿಸಬೇಕಾದರೆ ಮಾತು ಹುಡುಕಿಕೊಳ್ಳಲೇಬೇಕು.

2. ಒಬ್ಬರಿಗೆ ಹೇಳಿ, ಊರಿಗೆಲ್ಲ ಬೇಡ

ನಿಮ್ಮ ಸ್ಥಿತಿ ತಿಳಿದವರು ಒಬ್ಬರಾದರೂ ಇರಬೇಕು. ಅಯ್ಯನವರು ಆಗಬಹುದು, ಸ್ತ್ರೀ ಸಂಘದ ಹಿರಿಯಮ್ಮ ಆಗಬಹುದು. ಕಥೋಲಿಕರಿಗೆ ಪಾಪನಿವೇದನೆ ಇದೆ, ಅದು ಇದಕ್ಕೆ ಬಹಳ ಒಳ್ಳೆಯ ದಾರಿ. ಜೊತೆಗೆ ಬರುವ ಗೆಳೆಯರಿಗಿಂತ ಊರಿನಲ್ಲೇ ಉಳಿಯುವವರನ್ನು ಆರಿಸಿಕೊಳ್ಳುವುದು ಮೇಲು. ನೀವು ವಾಪಸ್ ಬಂದಾಗ ಅವರಿಗೆ ಟ್ರಿಪ್‌ನ ಉತ್ಸಾಹ ತಗುಲಿರುವುದಿಲ್ಲ. ನೇರವಾಗಿ ನೋಡಿ ಕೇಳುತ್ತಾರೆ.

ನಮ್ಮ ಸಭೆಯ ಒಬ್ಬ ಅಜ್ಜಿ ಹೊರಡುವ ಹುಡುಗರನ್ನು ಕರೆದು, 'ಏನಪ್ಪಾ, ಅಲ್ಲಿರೋ ದೇವರು ಬೇರೆನಾ?' ಎಂದು ಕೇಳುತ್ತಿದ್ದರು. ಹುಡುಗರು ನಗುತ್ತಿದ್ದರು. ಅಂಥ ಅಜ್ಜಿ ನಿಮ್ಮ ಸಭೆಯಲ್ಲೂ ಇದ್ದರೆ ಅವರ ಹತ್ತಿರವೇ ಹೇಳಿಕೊಳ್ಳಿ.

3. ನಮ್ಮ ಜಿಲ್ಲೆಗೆ ಬಂದ ಮಿಷನ್ ನೋಡಿ ಬನ್ನಿ

ಹೊರಡುವ ಮುಂಚೆ ಒಂದು ಭಾನುವಾರ ಮಧ್ಯಾಹ್ನ ತಂಡದವರೆಲ್ಲ ಶೆಟ್ಟಿಹಳ್ಳಿಗೆ ಹೋಗಿ. ಹಾಸನದಿಂದ ಹೆಚ್ಚು ದೂರವೇನಿಲ್ಲ. ಎಲ್ಲರೂ ಫೋಟೋ ತೆಗೆಯುವ ಆ ರೋಸರಿ ಚರ್ಚನ್ನು 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದರು. ಗೊರೂರಿನ ಹೇಮಾವತಿ ಅಣೆಕಟ್ಟು ಬಂದ ಮೇಲೆ ಊರಿನ ಜನ ಬೇರೆಡೆಗೆ ಹೋದರು. ಚರ್ಚ್ ಮಳೆಗಾಲದಲ್ಲಿ ನೀರಿನಲ್ಲಿ, ಬೇಸಿಗೆಯಲ್ಲಿ ಹೊರಗೆ. ಫೋಟೋ ತೆಗೆದು ಮುಗಿದ ಮೇಲೆ ಒಂದರ್ಧ ಗಂಟೆ ಅಲ್ಲೇ ಕೂತು ಮಾತಾಡಿ. ಈ ಗೋಡೆ ಕಟ್ಟಿದವರಿಗೆ ನಮ್ಮೂರು ಹೊರದೇಶವಾಗಿತ್ತು. ಅವರ ಕನ್ನಡ ಕೇಳಿ ನಮ್ಮವರು ನಕ್ಕಿರಬೇಕು. ಅವರಿಗೆ ಅನ್ನ ಬಡಿಸಿದವರು ನಮ್ಮವರು, ಜ್ವರ ಬಂದಾಗ ನೋಡಿಕೊಂಡವರೂ ನಮ್ಮವರೇ.

ಅದಕ್ಕೂ ಮುಂಚೆ ಅಬ್ಬೆ ಡುಬಾಯ್ ಇದ್ದರು. ದಕ್ಷಿಣ ಭಾರತದಲ್ಲಿ, ಅದರಲ್ಲೂ ಹೆಚ್ಚಾಗಿ ಮೈಸೂರು ಸೀಮೆಯಲ್ಲಿ, 1823ರವರೆಗೆ ಸುಮಾರು ಮೂರು ದಶಕ ಕೆಲಸ ಮಾಡಿದ ಫ್ರೆಂಚ್ ಪಾದ್ರಿ. ನಮ್ಮ ಜನರ ಹಾಗೆ ಬಟ್ಟೆ ಹಾಕಿ, ನಮ್ಮ ಊಟ ಉಂಡವರು. ಹಾಸನದ ಹತ್ತಿರ ರೈತ ಕುಟುಂಬಗಳನ್ನು ನೆಲೆ ನಿಲ್ಲಿಸಿದರು, ಸಿಡುಬಿಗೆ ಲಸಿಕೆ ಹಾಕಿಸಲು ಓಡಾಡಿದರು. ಕೊನೆಗೆ ತಮ್ಮ ಧರ್ಮಪ್ರಚಾರದ ಕೆಲಸದ ಬಗ್ಗೆ ಅವರಿಗೆ ಭರವಸೆಯೇ ಉಳಿದಿರಲಿಲ್ಲ. ಇಂಡಿಯಾದಲ್ಲಿ ಇದು ನಡೆಯುವುದಿಲ್ಲ ಎಂದು ಬರೆದೇಬಿಟ್ಟರು. ಎರಡು ವಾರದ ಟ್ರಿಪ್‌ನ ನಾಲ್ಕನೇ ದಿನವೇ 'ಏನೂ ಆಗ್ತಿಲ್ಲ' ಎಂದು ಕೊರಗುವವರಿಗೆ ಇದನ್ನು ಹೇಳಬೇಕು. ಮೂವತ್ತು ವರ್ಷ ಇದ್ದವರಿಗೂ ಹಾಗನ್ನಿಸಿತ್ತು.

ವಾಪಸ್ ಬರುವಾಗ ಹಾಸನದ ರೆಡ್‌ಫರ್ನ್ ಆಸ್ಪತ್ರೆಯ ಮುಂದೆಯೂ ಒಮ್ಮೆ ನಿಲ್ಲಿ. ಅದೂ ಮಿಷನ್ ಕಾಲದ್ದೇ.

4. ದಿನಾಂಕ, ಕಾಗದಪತ್ರ, ವೀಸಾ

ಇದರ ಬಗ್ಗೆ ಬೇರೆಯವರು ಹೇಳುತ್ತಾರೆ ಎಂದೆನಲ್ಲ, ಹಾಗಾಗಿ ಚುರುಕಾಗಿ ಮುಗಿಸುತ್ತೇನೆ. ಪಾಸ್‌ಪೋರ್ಟ್‌ಗೆ ಬೆಂಗಳೂರಿಗೆ ಓಡಬೇಕಿಲ್ಲ, ಹಾಸನದ ಅಂಚೆ ಕಚೇರಿಯಲ್ಲಿ ಸೇವಾ ಕೇಂದ್ರ ಇದೆ. ವಾಪಸ್ ಬರುವ ದಿನದಿಂದ ಮುಂದಕ್ಕೆ ಆರು ತಿಂಗಳು ಅವಧಿ ಇರುವಂತೆ ನೋಡಿಕೊಳ್ಳಿ. ನೇಪಾಳಕ್ಕೆ ನಮಗೆ ವೀಸಾ ಬೇಡ, ವಿಮಾನಕ್ಕೆ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಸಾಕು. ಕೀನ್ಯಾ, ಉಗಾಂಡ ಕಡೆಗಾದರೆ ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಿ. ಸರ್ಟಿಫಿಕೇಟ್ ಲಸಿಕೆಯಾದ 10 ದಿನದ ನಂತರವೇ ಚಾಲ್ತಿಗೆ ಬರುತ್ತದೆ. ಅದಿಲ್ಲದೆ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಹಿಡಿದು ಪ್ರತ್ಯೇಕ ಇಡಬಹುದು. ಮಲೇರಿಯಾ ಮಾತ್ರೆಗೆ ಡಾಕ್ಟರನ್ನು ಒಂದು ತಿಂಗಳು ಮೊದಲೇ ಕಾಣಿ.

ನಮ್ಮ ಬೇಸಿಗೆ ರಜೆ ನೋಡಿ ಏಪ್ರಿಲ್-ಮೇಗೆ ಕೀನ್ಯಾ ಟಿಕೆಟ್ ಮಾಡಿದರೆ ಅಲ್ಲಿ ದೊಡ್ಡ ಮಳೆಗಾಲ. ಹಳ್ಳಿ ರಸ್ತೆ ಕೆಸರು. ನೇಪಾಳಕ್ಕೆ ಅಕ್ಟೋಬರ್ ಚೆನ್ನ, ತೋಟದವರಿಗೂ ಕೊಯ್ಲಿಗೆ ಮುಂಚಿನ ಬಿಡುವು ಸಿಗುತ್ತದೆ.

ವೀಸಾ ವಿಷಯ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. ಅದು ನಂಬಿಕೆಯ ವಿಷಯವೂ ಹೌದು. ಪ್ರವಾಸಿ ಎಂದು ಬರೆದುಕೊಟ್ಟು ಹೋಗಿ ಬಹಿರಂಗ ಸುವಾರ್ತಾ ಕೂಟ ನಡೆಸುವುದು ಕೆಲವು ತಂಡಗಳಿಗೆ ಅಭ್ಯಾಸವೇ ಆಗಿಬಿಟ್ಟಿದೆ. ದೇವರ ಕೆಲಸ ತಾನೇ ಅನ್ನುತ್ತಾರೆ. ಸುಳ್ಳಿನಿಂದ ಶುರು ಮಾಡಿದ ಪ್ರಯಾಣದಲ್ಲಿ ದಿನಾ ಸಿಕ್ಕಿಬೀಳುವ ಭಯ ಇರುತ್ತದೆ. ಆ ಭಯ ಇಟ್ಟುಕೊಂಡು ಪ್ರಾರ್ಥನೆ ಹೇಗೆ ಮಾಡುತ್ತೀರಿ? ನೇಪಾಳದಲ್ಲಿ ಇದು ಇನ್ನೂ ಗಂಭೀರ. 2018ರ ಆಗಸ್ಟ್‌ನಿಂದ ಜಾರಿಯಾದ ದಂಡ ಸಂಹಿತೆಯ 158ನೇ ಕಲಮಿನಲ್ಲಿ ಮತಾಂತರ ಮಾಡಿದರೆ 5 ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ. ಮಾಡಿದವರು ವಿದೇಶಿಯಾದರೆ ಶಿಕ್ಷೆ ಮುಗಿದ ಮೇಲೆ ದೇಶದಿಂದ ಹೊರಗೆ. ಅಲ್ಲಿ ನಾವೂ ವಿದೇಶಿಗಳೇ. ನೀವು ಬಂದುಬಿಡುತ್ತೀರಿ, ಕೇಸು ಎದುರಿಸುತ್ತಾ ಉಳಿಯುವವರು ಅಲ್ಲಿಯ ಪಾಸ್ಟರ್. ಏನು ಮಾಡಬಹುದು, ಏನು ಕೂಡದು ಎಂದು ನಿಮ್ಮನ್ನು ಕರೆಸುವ ಸಭೆಯವರನ್ನೇ ಮೊದಲು ಕೇಳಿ. ಅವರು ಬೇಡ ಅಂದದ್ದು ಬೇಡ. ಕಾನೂನು ಬಿಗಿ ಇರುವ ಕಡೆ ವಿಶ್ವಾಸಿಗಳ ಜೊತೆ ಕೂತು ಓದುವುದು, ಹಾಡುವುದು, ಅವರ ಸಂಡೇ ಸ್ಕೂಲ್ ಟೀಚರುಗಳಿಗೆ ಸಹಾಯ ಮಾಡುವುದು, ಇಷ್ಟೇ ಕೆಲಸ. ನಿಮ್ಮ ಮನಸ್ಸಿಗೂ ಅದು ಒಳ್ಳೆಯದೇ.

5. ಬ್ಯಾಗಿನಲ್ಲಿ ಕನ್ನಡ ಬೈಬಲ್, ಕೈಯಲ್ಲಿ ಒಂದೇ ಅಧ್ಯಾಯ

ಅಚ್ಚಾದ ಬೈಬಲ್ ತೆಗೆದುಕೊಂಡು ಹೋಗಿ. ಮೊಬೈಲ್‌ನಲ್ಲಿ ಇದೆಯಲ್ಲ ಅನ್ನಬೇಡಿ. ಅದೇ ಮೊಬೈಲ್‌ನಲ್ಲಿ ಮನೆಯವರ ವಾಟ್ಸಾಪ್, ತೋಟದ ಮೇಸ್ತ್ರಿಯ ಮಿಸ್ಡ್ ಕಾಲ್, ಕಾಫಿ ರೇಟು ಎಲ್ಲ ಇರುತ್ತದೆ. ಓದುವುದು ನೀವು ಚಿಕ್ಕಂದಿನಲ್ಲಿ ಪ್ರಾರ್ಥನೆ ಕಲಿತ ಭಾಷೆಯಲ್ಲೇ ಇರಲಿ. ಚಿಕ್ಕಮಗಳೂರು ಕಡೆ ಮನೆಯಲ್ಲಿ ಕೊಂಕಣಿ, ತಮಿಳು ಆಡುವವರು ಬಹಳ ಇದ್ದಾರೆ, ಅವರಿಗೆ ಅದು. ದಿನವಿಡೀ ಇಂಗ್ಲಿಷಿನಲ್ಲಿ ಮಾತಾಡಿ ನಾಲಿಗೆ ಸೋತಿರುವಾಗ ಅಜ್ಜಿ ಹೇಳಿಕೊಟ್ಟ ಮಾತಿನಲ್ಲಿ ಓದಿದರೆ ಬೇಗ ಒಳಗೆ ಇಳಿಯುತ್ತದೆ.

ತುಂಬಾ ಓದುವ ಯೋಜನೆ ಹಾಕಬೇಡಿ. ಇಡೀ ಪ್ರಯಾಣಕ್ಕೆ ಲೂಕ 10ನೇ ಅಧ್ಯಾಯ ಒಂದೇ ಸಾಕು. 42 ವಚನ, ದಿನಕ್ಕೆ ಮೂರೋ ನಾಲ್ಕೋ. ಯೇಸು ಎಪ್ಪತ್ತು ಮಂದಿಯನ್ನು, ಕೆಲವು ಹಳೆಯ ಪ್ರತಿಗಳಲ್ಲಿ ಎಪ್ಪತ್ತೆರಡು ಮಂದಿಯನ್ನು, ಇಬ್ಬಿಬ್ಬರಾಗಿ ಕಳಿಸುವುದು ಇಲ್ಲಿದೆ. ಹಣದ ಚೀಲ ಬೇಡ, ಜೋಳಿಗೆ ಬೇಡ, ಕೆರ ಬೇಡ ಅನ್ನುತ್ತಾನೆ. ಮನೆಯಿಂದ ಮನೆಗೆ ಬದಲಾಯಿಸಬೇಡಿ, ಬಡಿಸಿದ್ದನ್ನು ಉಣ್ಣಿ ಅನ್ನುತ್ತಾನೆ. ಅಂದರೆ ಹೋದವರು ಅಲ್ಲಿಯವರನ್ನೇ ನೆಚ್ಚಿ ಬದುಕಬೇಕು. ಕೊನೆಗೆ ವಾಪಸ್ ಬಂದು ನಾವು ಅದು ಮಾಡಿದೆವು ಇದು ಮಾಡಿದೆವು ಎಂದು ಖುಷಿಯಿಂದ ಹೇಳಿದಾಗ, ಅದಕ್ಕೆ ಹಿಗ್ಗಬೇಡಿ, ನಿಮ್ಮ ಹೆಸರು ಪರಲೋಕದಲ್ಲಿ ಬರೆದಿದೆ ಎಂದು ಹಿಗ್ಗಿ ಅನ್ನುತ್ತಾನೆ. ಅದೇ ಅಧ್ಯಾಯದ ಕೊನೆಗೆ ಕೆಲಸದಲ್ಲಿ ಮುಳುಗಿ ಸಿಡಿಮಿಡಿಗೊಂಡ ಮಾರ್ಥಳೂ, ಸುಮ್ಮನೆ ಕೂತು ಕೇಳಿದ ಮರಿಯಳೂ ಬರುತ್ತಾರೆ. ಮಿಷನ್ ಟ್ರಿಪ್‌ನಲ್ಲಿ ಆಗುವುದೆಲ್ಲ ಈ ಒಂದು ಅಧ್ಯಾಯದಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಜೊತೆಗೆ ಒಂದು ನೂರು ಪುಟದ ನೋಟ್‌ಬುಕ್ ಇರಲಿ. ಸಭೆಗೆ ಕೊಡುವ ವರದಿಯ ಪುಸ್ತಕ ಬೇರೆ, ಇದು ಬೇರೆ. ಇದನ್ನು ಯಾರಿಗೂ ತೋರಿಸುವುದಿಲ್ಲ ಎಂದು ಮೊದಲೇ ತೀರ್ಮಾನ ಮಾಡಿ. ತೋರಿಸಬೇಕು ಅನ್ನುವುದು ಮನಸ್ಸಿನಲ್ಲಿದ್ದರೆ ಬರೆಯುವಾಗಲೇ ಬಣ್ಣ ಬರುತ್ತದೆ.

6. ಅಲ್ಲಿಗೆ ಹೋದ ಮೇಲೆ

ಮೊದಲ ಎರಡು ದಿನ ಏನನ್ನೂ ನಿರೀಕ್ಷಿಸಬೇಡಿ. ನಿದ್ದೆ, ಹೊಟ್ಟೆ, ನೀರು ಎಲ್ಲ ಹೊಂದಿಕೊಳ್ಳಬೇಕು. ಮೂರನೇ ದಿನದಿಂದ ಬೆಳಿಗ್ಗೆ ತಂಡ ಏಳುವ ಮುಂಚೆ ಇಪ್ಪತ್ತು ನಿಮಿಷ ನಿಮ್ಮದು. ಹತ್ತು ಜನ ಒಂದೇ ಕೋಣೆಯಲ್ಲಿ ಮಲಗಿರುವಾಗ ಏಕಾಂತ ಎಲ್ಲಿ ಸಿಗುತ್ತದೆ ಎಂದು ಕೇಳುತ್ತೀರಿ. ಹೊರಗೆ ಮೆಟ್ಟಿಲ ಮೇಲೆ ಸಿಗುತ್ತದೆ. ಮಾರ್ಕ 1:35ರಲ್ಲಿ ಯೇಸುವೂ ಮುಂಜಾನೆ ಎದ್ದು ಹೊರಗೆ ಹೋದ. ಮುಂದಿನ ವಚನದಲ್ಲೇ ಶಿಷ್ಯರು ಹುಡುಕಿಕೊಂಡು ಬಂದರು! ನಿಮ್ಮನ್ನೂ ಹುಡುಕಿಕೊಂಡು ಬರುತ್ತಾರೆ. ಸಿಕ್ಕಷ್ಟು ಸಾಕು.

ನೇಪಾಳದ ಸಭೆಗಳಲ್ಲಿ ಆರಾಧನೆ ಸಾಮಾನ್ಯವಾಗಿ ಶನಿವಾರ. ವಾರದ ರಜೆ ಅಲ್ಲಿ ಶನಿವಾರವೇ. ಚಪ್ಪಲಿ ಹೊರಗೆ ಬಿಟ್ಟು, ಚಾಪೆಯ ಮೇಲೆ ಕೂತು, ಒಬ್ಬರಿಗೊಬ್ಬರು 'ಜಯ ಮಸೀಹ' ಎಂದು ಕೈ ಮುಗಿಯುತ್ತಾರೆ. ಮರುದಿನ ಭಾನುವಾರ ಎಲ್ಲರೂ ಕೆಲಸಕ್ಕೆ ಹೋದಾಗ ನಮ್ಮವರಿಗೆ ಏನೋ ಕಳೆದುಕೊಂಡ ಹಾಗೆ ಆಗುತ್ತದೆ. ಆ ಭಾನುವಾರವನ್ನು ಕಾರ್ಯಕ್ರಮ ಹಾಕಿ ತುಂಬಿಸಬೇಡಿ. ಗಂಟೆ ಇಲ್ಲ, ಗಾಯನ ತಂಡ ಇಲ್ಲ, ಕಾಣಿಕೆ ಚೀಲ ಇಲ್ಲ. ಅದೆಲ್ಲ ಇಲ್ಲದೆ ನಿಮ್ಮಲ್ಲಿ ಏನು ಉಳಿದಿದೆ ಎಂದು ನೋಡಲು ಇಂಥ ದಿನ ಮತ್ತೆ ಸಿಗುವುದಿಲ್ಲ.

ಊಟದ ವಿಷಯದಲ್ಲಿ ನಮ್ಮವರು ಅದೃಷ್ಟವಂತರು. ಕೀನ್ಯಾದಲ್ಲಿ ಉಗಾಲಿ ಎಂದು ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಕೊಡುತ್ತಾರೆ, ಸೊಪ್ಪಿನ ಪಲ್ಯದ ಜೊತೆ ಕೈಯಲ್ಲಿ ಮುರಿದು ತಿನ್ನುವುದು. ನೇಪಾಳದ ಬೆಟ್ಟದ ಹಳ್ಳಿಗಳಲ್ಲಿ ರಾಗಿಯ ಢಿಂಡೋ ಸಿಗುತ್ತದೆ. ಹಾಸನದವರು ಅಲ್ಲಿ ಊಟಕ್ಕೆ ಕೂತರೆ ಮನೆಯವರಿಗೆ ಆಶ್ಚರ್ಯ. ನೀವು ತಂದ ಚಟ್ನಿಪುಡಿ, ಉಪ್ಪಿನಕಾಯಿ ಬ್ಯಾಗಿನಲ್ಲೇ ಇರಲಿ. ಕೊಟ್ಟದ್ದನ್ನು ಉಣ್ಣುವುದು ಚಿಕ್ಕ ಸಂಗತಿಯಲ್ಲ. ಕೊಡುವುದಕ್ಕೆ ಬಂದವನು ಎಂಬ ಜಂಬ ಇಳಿಯುವುದು ಊಟದ ಮುಂದೆಯೇ.

ಈಗ ನಾನು ಎಲ್ಲಕ್ಕಿಂತ ಮುಖ್ಯ ಅಂದುಕೊಂಡಿರುವ ಹೆಜ್ಜೆ. ಅಲ್ಲಿಯ ಸಭೆಯ ಹಿರಿಯರೊಬ್ಬರ ಹತ್ತಿರ ಹೋಗಿ, 'ನನಗಾಗಿ ಪ್ರಾರ್ಥನೆ ಮಾಡಿ' ಎಂದು ಕೇಳಿ. ಯಾಕೆ ಎಂದೂ ಹೇಳಿ. ಸುಮ್ಮನೆ ಆರೋಗ್ಯಕ್ಕೆ, ಪ್ರಯಾಣಕ್ಕೆ ಎಂದು ಬೇಡ. 'ನನ್ನ ನಂಬಿಕೆ ಒಣಗಿದೆ. ನಿಮಗೆ ಹೀಗಾದಾಗ ಏನು ಮಾಡುತ್ತೀರಿ?' ಎಂದು ಕೇಳಿ. ಅನುವಾದ ಮಾಡುವವರು ತಬ್ಬಿಬ್ಬಾಗುತ್ತಾರೆ. ತಂಡದವರು ತಿರುಗಿ ನೋಡುತ್ತಾರೆ. ಆದರೂ ಕೇಳಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಒಂದು ಕಾರಣ ಇದೆ. 1920ರ ದಶಕದ ಕೊನೆಯಲ್ಲಿ ರುವಾಂಡಾದ ಗಹಿನಿ ಎಂಬಲ್ಲಿ ಜೋ ಚರ್ಚ್ ಎಂಬ ಇಂಗ್ಲಿಷ್ ಮಿಷನರಿ ಡಾಕ್ಟರ್ ಇದ್ದರು. ಬರಗಾಲ ಬಂದು, ಹಸಿದವರನ್ನೂ ರೋಗಿಗಳನ್ನೂ ನೋಡಿ ನೋಡಿ ಸೋತುಹೋಗಿದ್ದರು. 1929ರಲ್ಲಿ ಬಿಡುವು ಮಾಡಿಕೊಂಡು ಉಗಾಂಡದ ಕಂಪಾಲಾಕ್ಕೆ ಬಂದರು. ಅಲ್ಲಿ ನಮಿರೆಂಬೆ ಬೆಟ್ಟದ ಮೇಲೆ ಸಿಮಿಯೋನಿ ನ್ಸಿಬಾಂಬಿ ಎಂಬ ಸ್ಥಳೀಯ ವಿಶ್ವಾಸಿ ಸಿಕ್ಕರು. ಡಾಕ್ಟರು ತಮ್ಮ ಬತ್ತಿದ ಸ್ಥಿತಿಯನ್ನು ಮುಚ್ಚಿಡಲಿಲ್ಲ. ಇಬ್ಬರೂ ಜೊತೆಗೆ ಕೂತು ಬೈಬಲ್ ಓದಿದರು, ಪ್ರಾರ್ಥಿಸಿದರು. ಆಳುವವರ ದೇಶದ ಬಿಳಿಯ ಡಾಕ್ಟರ್, ಆಳಿಸಿಕೊಳ್ಳುವ ದೇಶದ ಕರಿಯ ವಿಶ್ವಾಸಿಯ ಮುಂದೆ ಕೈ ಚಾಚಿದ್ದು ಆ ಕಾಲಕ್ಕೆ ದೊಡ್ಡ ಮಾತು. 1930ರ ದಶಕದಲ್ಲಿ ರುವಾಂಡಾ, ಉಗಾಂಡ, ಕೀನ್ಯಾ, ಟಾಂಗನೀಕಾಗಳಿಗೆ (ಇದು ಈಗ ಟಾಂಜಾನಿಯಾದ ಭಾಗ) ಹರಡಿದ ಪೂರ್ವ ಆಫ್ರಿಕಾದ ಉಜ್ಜೀವನದ, ಅಂದರೆ ಸಭೆಗಳಲ್ಲಿ ನಂಬಿಕೆ ಮತ್ತೆ ಚಿಗುರಿದ ಚಳವಳಿಯ, ಮಾತು ಬಂದಾಗ ಈ ಭೇಟಿಯ ನೆನಪೂ ಬರುತ್ತದೆ. ತಪ್ಪನ್ನು ಎಲ್ಲರ ಮುಂದೆ ಒಪ್ಪಿಕೊಳ್ಳುವುದು, ಕದ್ದದ್ದನ್ನು ವಾಪಸ್ ಕೊಡುವುದು ಅದರ ಗುರುತಾಗಿತ್ತು.

7. ಸಂಜೆ, ಮತ್ತು ಏನೂ ಅನ್ನಿಸದ ದಿನಗಳು

ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ ನೋಟ್‌ಬುಕ್. ಲೊಯೋಲದ ಸಂತ ಇಗ್ನೇಷಿಯಸ್ ಹೇಳಿಕೊಟ್ಟ ಆತ್ಮಪರಿಶೋಧನೆ ಇದಕ್ಕೆ ಸರಿಯಾಗಿ ಹೊಂದುತ್ತದೆ. ಅವರು ಕಥೋಲಿಕರು ಎಂದು ನಮ್ಮವರು ಹಿಂಜರಿಯಬೇಕಾಗಿಲ್ಲ. ಮೊದಲು ಇವತ್ತಿನ ಒಂದು ಸಂಗತಿಗೆ ಸ್ತೋತ್ರ ಹೇಳಿ. ಬೆಳಕು ಕೇಳಿಕೊಳ್ಳಿ. ಬೆಳಗಿನಿಂದ ಆದದ್ದನ್ನು ಒಂದೊಂದಾಗಿ ನೆನೆಯಿರಿ. ಎಡವಿದ ಕಡೆ ಕ್ಷಮೆ ಕೇಳಿ. ನಾಳೆಗೆ ಒಂದು ಬೇಡಿಕೆ ಇಡಿ. ಬರೆಯುವಾಗ ಆದದ್ದನ್ನೇ ಬರೆಯಿರಿ. 'ದೇವರು ಅದ್ಭುತವಾಗಿ ಮಾತಾಡಿದರು' ಎಂದು ಬರೆದರೆ ಮೂರು ತಿಂಗಳಾದ ಮೇಲೆ ಅದರಲ್ಲಿ ಏನೂ ಉಳಿದಿರುವುದಿಲ್ಲ. 'ಅಡುಗೆ ಮನೆಯಲ್ಲಿದ್ದ ಅಮ್ಮ ತನಗೆ ಉಳಿಸಿಕೊಳ್ಳದೆ ನಮಗೆ ಬಡಿಸಿದಳು, ನಾನು ಎರಡನೇ ಸಲ ಹಾಕಿಸಿಕೊಂಡುಬಿಟ್ಟಿದ್ದೆ' ಎಂದು ಬರೆದರೆ ಉಳಿಯುತ್ತದೆ.

ನಾಲ್ಕು-ಐದನೇ ದಿನದ ಹೊತ್ತಿಗೆ ತಂಡದಲ್ಲಿ ಜಗಳ ಆಗುತ್ತದೆ. ಸ್ನಾನದ ನೀರಿಗೆ, ಮೈಕಿಗೆ, ಯಾರು ಪಾತ್ರೆ ತೊಳೆಯಲಿಲ್ಲ ಎಂಬುದಕ್ಕೆ. ಗಾಬರಿ ಬೇಡ. ಅವತ್ತೇ ರಾತ್ರಿ ಮಾತಾಡಿ ಮುಗಿಸಿ. ಮುಖಂಡರಿಗೆ ಒಂದು ಸಲಹೆ: ಇಬ್ಬಿಬ್ಬರಾಗಿ ಜೋಡಿ ಮಾಡುವಾಗ ಆಪ್ತ ಗೆಳೆಯರನ್ನು ಒಟ್ಟಿಗೆ ಹಾಕಬೇಡಿ.

ಇನ್ನು, ಏನೂ ಅನ್ನಿಸದ ದಿನ. ಪಕ್ಕದವರು ಕಣ್ಣೀರಿಟ್ಟು ಪ್ರಾರ್ಥಿಸುತ್ತಿದ್ದಾರೆ, ನಿಮಗೆ ಸೊಳ್ಳೆ ಕಚ್ಚುವುದು ಬಿಟ್ಟು ಬೇರೇನೂ ಗೊತ್ತಾಗುತ್ತಿಲ್ಲ. ಇದು ಬಂದೇ ಬರುತ್ತದೆ. ಆಗ ಮಾಡಬಾರದ್ದು ಒಂದೇ, ನಟನೆ. ರಾತ್ರಿಯ ಹಂಚಿಕೊಳ್ಳುವ ಸಮಯದಲ್ಲಿ ನಿಮ್ಮ ಸರದಿ ಬಂದರೆ 'ಇವತ್ತು ನನಗೆ ಹೇಳೋದಕ್ಕೆ ಏನೂ ಇಲ್ಲ' ಎನ್ನಿ. ತಂಡ ಅದನ್ನು ಒಪ್ಪದಿದ್ದರೆ ತೊಂದರೆ ತಂಡದ್ದು. ಆಮೇಲೆ 88ನೇ ಕೀರ್ತನೆ ಓದಿ. ದುಃಖದ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಎಲ್ಲಾದರೂ ಸ್ತೋತ್ರಕ್ಕೆ ತಿರುಗುತ್ತವೆ, ಇದು ತಿರುಗುವುದಿಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಅದೂ ಬೈಬಲಿನಲ್ಲಿ ಇದೆ, ಆರಾಧನೆಯಲ್ಲಿ ಹಾಡಲೆಂದೇ ಇದೆ. ಓದಿ ಮಲಗಿಬಿಡಿ.

ಮಕ್ಕಳ ಫೋಟೋ ಸ್ಟೇಟಸ್‌ಗೆ ಹಾಕುವ ಅಭ್ಯಾಸ ಅಲ್ಲಿ ಬೇಡ. ಅವರ ಮನೆಯವರನ್ನು ಕೇಳಿದ್ದೀರಾ? ನಿಮ್ಮ ಮಗುವಿನ ಫೋಟೋವನ್ನು ಯಾರೋ ಹೀಗೆ ಹಾಕಿದರೆ ಸುಮ್ಮನಿರುತ್ತೀರಾ?

8. ವಾಪಸ್ ಬಂದ ಮೇಲೆ

ಬೆಂಗಳೂರಿನಲ್ಲಿ ಇಳಿದು ಹಾಸನ ತಲುಪುವಷ್ಟರಲ್ಲಿ ಕಾರ್ಯದರ್ಶಿಯವರ ಫೋನ್ ಬರುತ್ತದೆ. 'ಈ ಭಾನುವಾರ ಹತ್ತು ನಿಮಿಷ ಸಾಕ್ಷಿ ಹೇಳಬೇಕು.' ಸಾಧ್ಯವಾದರೆ ಎರಡು ವಾರ ಮುಂದಕ್ಕೆ ಹಾಕಿ. ಬಂದ ಬಿಸಿಯಲ್ಲಿ ಎಲ್ಲವೂ ದೊಡ್ಡದಾಗಿ ಕಾಣುತ್ತದೆ. ಕಾಣಿಕೆ ಕೊಟ್ಟವರು ಎದುರಿಗೆ ಕೂತಿರುತ್ತಾರೆ, ಅವರ ದುಡ್ಡಿಗೆ ಬೆಲೆ ಸಿಕ್ಕಿತು ಎಂದು ತೋರಿಸುವ ಆಸೆ ನಿಮಗೆ. ಅಲ್ಲೇ ಮಾತು ಉದ್ದವಾಗುವುದು. ಅಪೊಸ್ತಲರ ಕೃತ್ಯಗಳು 14:27ರಲ್ಲಿ ಪೌಲ ಬಾರ್ನಬರು ಅಂತಿಯೋಕ್ಯಕ್ಕೆ ವಾಪಸ್ ಬಂದು ಸಭೆ ಸೇರಿಸಿ, ದೇವರು ತಮ್ಮೊಂದಿಗಿದ್ದು ಮಾಡಿದ್ದನ್ನು ಹೇಳಿದರು. ಕಲ್ಲೇಟು ತಿಂದ ಊರಿನ ಸಂಗತಿಯೂ ಅದೇ ಅಧ್ಯಾಯದಲ್ಲಿದೆ. ಸಪ್ಪೆ ದಿನಗಳನ್ನೂ ಸೇರಿಸಿ ಹೇಳಿ. ಲೆಕ್ಕದ ಚೀಟಿ ಮಾತ್ರ ಅದೇ ವಾರ ಕೊಟ್ಟುಬಿಡಿ, ಅದಕ್ಕೆ ಕಾಯಬಾರದು.

ಹೊರಡುವ ಮುಂಚೆ ಮಾತಾಡಿದ್ದ ಆ ಒಬ್ಬರ ಹತ್ತಿರ ನೋಟ್‌ಬುಕ್ ಹಿಡಿದುಕೊಂಡು ಹೋಗಿ. ಓದಿ ಹೇಳಬೇಕಾದ್ದನ್ನು ಓದಿ ಹೇಳಿ, ಉಳಿದದ್ದು ಬೇಡ.

ಹತ್ತು ಹದಿನೈದು ದಿನದಲ್ಲಿ ಉತ್ಸಾಹ ಇಳಿಯುತ್ತದೆ. ಕರೆಂಟು ಹೋಗುತ್ತದೆ, ಮಗುವಿಗೆ ಜ್ವರ ಬರುತ್ತದೆ, ಆಲೂಗಡ್ಡೆ ಬಿತ್ತನೆಗೆ ಜನ ಸಿಗುವುದಿಲ್ಲ. ಆಗ ಹೊಸ ಟ್ರಿಪ್‌ನ ಯೋಚನೆ ಬರುತ್ತದೆ. ಒಂದು ವರ್ಷವಾದರೂ ಬೇಡ. ಅಲ್ಲಿಂದ ಒಂದೇ ಒಂದು ಅಭ್ಯಾಸ ಉಳಿಸಿಕೊಳ್ಳಿ. ಬೆಳಗಿನ ಇಪ್ಪತ್ತು ನಿಮಿಷವೋ, ರಾತ್ರಿಯ ನೋಟ್‌ಬುಕ್ಕೋ. ಎರಡನ್ನೂ ಹಿಡಿಯಲು ಹೋದರೆ ಎರಡೂ ಬಿಟ್ಟುಹೋಗುತ್ತವೆ.

ಅಲ್ಲಿಯ ಸಭೆಯವರಿಗೆ ತಿಂಗಳಿಗೊ ಎರಡು ತಿಂಗಳಿಗೊ ಒಂದು ಮೆಸೇಜ್ ಕಳಿಸಿ. ಹಣ ಕಳಿಸುತ್ತೇನೆ, ಚರ್ಚ್ ಕಟ್ಟಿಸಿಕೊಡುತ್ತೇನೆ ಎಂದು ನಿಮ್ಮಷ್ಟಕ್ಕೆ ಮಾತು ಕೊಡಬೇಡಿ. ಕೊಡಬೇಕೆನಿಸಿದರೆ ಸಭೆಯ ಕಮಿಟಿ ಮೂಲಕ, ಕಾನೂನಿನ ದಾರಿಯಲ್ಲಿ.

ಮತ್ತೆ, ನಮ್ಮ ಸುತ್ತಲೇ ಹೊರಊರಿನವರಾಗಿ ಬದುಕುತ್ತಿರುವವರನ್ನು ಹುಡುಕಿ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ತೋಟಗಳ ಲೈನ್ ಮನೆಗಳಲ್ಲಿ ಈಗ ಅಸ್ಸಾಂ, ಜಾರ್ಖಂಡ್ ಕಡೆಯವರು ತುಂಬಾ ಇದ್ದಾರೆ. ಅವರಲ್ಲಿ ಕ್ರೈಸ್ತ ಆದಿವಾಸಿ ಕುಟುಂಬಗಳೂ ಇರುತ್ತವೆ. ಅವರಿಗೆ ನಮ್ಮ ಕನ್ನಡ ಆರಾಧನೆ ಅರ್ಥವಾಗುವುದಿಲ್ಲ, ಕ್ರಿಸ್‌ಮಸ್ ಬರುವುದೂ ಕೊಯ್ಲಿನ ಮಧ್ಯೆ. ಹೊರದೇಶದಲ್ಲಿ ನಿಮ್ಮನ್ನು ಚಾಪೆ ಹಾಸಿ ಕೂರಿಸಿದವರು ಏನೇನು ಮಾಡಿದರು ಎಂದು ನಿಮಗೆ ಈಗ ಗೊತ್ತಿದೆ. ತೋಟದ ಮಾಲೀಕರನ್ನೋ ಲೆಕ್ಕ ನೋಡುವ ರೈಟರನ್ನೋ ಮೊದಲು ಕೇಳಿ, ಭಾನುವಾರ ಮಧ್ಯಾಹ್ನ ಇಬ್ಬರು ಹೋಗಿ. ಕರಪತ್ರ, ಮೈಕು ಬೇಡ. ನಿಮ್ಮ ಊರು ಯಾವುದು, ಹಬ್ಬಕ್ಕೆ ಏನು ಮಾಡುತ್ತೀರಿ, ಯಾವ ಹಾಡು ಹಾಡುತ್ತೀರಿ ಎಂದು ಕೇಳಿ. ಹಿಂದಿ ಅಷ್ಟಕ್ಕಷ್ಟೇ ಆದರೂ ನಡೆಯುತ್ತದೆ. ಟೀ ಕೊಟ್ಟರೆ ಕುಡಿದು ಬನ್ನಿ.